ಸೇಡಂ ಭಟ್ಟಿ ಬಿಸಿ ಎಲ್ಲಿಗ್ ಹೋಗ್ತದ?

ಎಲ್ಲರಿಗೂ ನಮಸ್ಕಾರ್ರಿ. ನಮ್ಮ ಕಲಬುರಗಿ ಜಿಲ್ಲಾದ ಸೇಡಂ, ವಾಡಿ ಕಡೆ ಬಸ್ಸಿನಾಗ ಓಡಾಡೋರು ಸಿಮೆಂಟ್ ಫ್ಯಾಕ್ಟರಿ ಚಿಮಣಿ ನೋಡೇ ಇರ್ತೀರಿ. ಆ ಭಟ್ಟಿ ಒಳಗ ಸುಮಾರು 1450 ಡಿಗ್ರಿಗೆ ಕಲ್ಲು ಸುಟ್ಟು ಕ್ಲಿಂಕರ್ (ಪುಡಿ ಮಾಡಿದ್ರ ಸಿಮೆಂಟ್ ಆಗೋ ಉಂಡಿ) ಆಗ್ತದ, ಉಳಿದ ಬಿಸಿ ಎಷ್ಟೋ ಗಾಳಿಗೆ ಹೋಗ್ತದ, ನೋಡಿದಾಗೆಲ್ಲ ನನ್ನ ಹೊಟ್ಟಿ ಉರೀತದ್ರಿ, ಯಾಕಂದ್ರ ಬಿಸೀನೇ ಬೇಕಾಗೋ ಒಂದು ಟೆಕ್ನಾಲಜಿ ಅದ, ಸಾಲಿಡ್ ಆಕ್ಸೈಡ್ ಸೆಲ್ ಅಂತ.

ಇದು ಪಿಂಗಾಣಿ ಜಾತಿದು. ಜಿರ್ಕೋನಿಯಾ ಅನ್ನೋ ಪುಡಿಗೆ ಒಂಚೂರು ಯಿಟ್ರಿಯಾ ಅನ್ನೋ ಇನ್ನೊಂದು ಪುಡಿ ಬೆರೆಸಿ ಹಪ್ಪಳಕ್ಕಿಂತ ತೆಳ್ಳಗ ಬಿಲ್ಲೆ ಮಾಡಿ ಸುಡ್ತಾರ. ಅದನ್ನ 700-800 ಡಿಗ್ರಿ ಕಾಯಿಸಿದ್ರ ಆಕ್ಸಿಜನ್ ಅಯಾನು (ಕರೆಂಟಿನ ಚಾರ್ಜ್ ಹೊತ್ತ ಆಕ್ಸಿಜನ್ ಕಣ) ಅಷ್ಟೇ ಒಳಗಿಂದ ದಾಟ್ತಾವ. ಒಂದು ಮಗ್ಗಲಿಗೆ ಹೈಡ್ರೋಜನ್, ಇನ್ನೊಂದಕ್ಕ ಗಾಳಿ ಬಿಟ್ರ ಕರೆಂಟ್ ಬರ್ತದ. ಅದೇ ಬಿಲ್ಲೆಗೆ ಆವಿ ಬಿಟ್ಟು ಕರೆಂಟ್ ಕೊಟ್ರ ಹೈಡ್ರೋಜನ್ ಬರ್ತದ. ಹೊಸ ಮಾತಲ್ಲ ಇದು, 1937ರಾಗೇ ಸ್ವಿಟ್ಜರ್ಲೆಂಡಿನಾಗ ಬೌರ್, ಪ್ರೈಸ್ ಅನ್ನೋ ಇಬ್ಬರು ಇಂಥಾ ಸೆಲ್‌ನಿಂದ ಕರೆಂಟ್ ತೆಗೆದಿದ್ರು.

ಈಗ ಲೆಕ್ಕಕ್ಕ ಬರೋಣ. ಒಂದು ಕೆಜಿ ಹೈಡ್ರೋಜನ್‌ಗೆ 9 ಲೀಟರ್ ನೀರು ಬೇಕು, ಅಷ್ಟು ನೀರು ಕುದಿಸಿ ಆವಿ ಮಾಡ್ಲಾಕೇ 6 ಯೂನಿಟ್ ಮ್ಯಾಲ ಶಕ್ತಿ ಹೋಗ್ತದ. ಮಾಮೂಲಿ ಎಲೆಕ್ಟ್ರೋಲೈಸರ್ (ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ತೆಗೆಯೋ ಯಂತ್ರ) ಒಂದು ಕೆಜಿಗೆ 50 ಯೂನಿಟ್ ಮ್ಯಾಲೇ ಕರೆಂಟ್ ತಿಂತದ, ಇದಕ್ಕ ಆವಿ ಹೊರಗಿಂದ ಕೊಟ್ರ 40ರ ಆಸುಪಾಸಿನಾಗ ಮುಗೀತದ. ಆ ಆವಿ ಭಟ್ಟಿ ಬಿಸಿಯಿಂದ ಯಾಕ ಬರಬಾರ್ದು? 2030ರೊಳಗ ವರ್ಷಕ್ಕ 50 ಲಕ್ಷ ಟನ್ ಹಸಿರು ಹೈಡ್ರೋಜನ್ (ಸೋಲಾರ್, ಗಾಳಿಯಂಥ ಕರೆಂಟಿನಿಂದ ಮಾಡಿದ್ದು) ಮಾಡ್ತೀವಿ ಅಂತ ದೇಶ ಗುರಿ ಇಟ್ಕೊಂಡದ, ಆ ಲೆಕ್ಕದಾಗ ಈ ಬಿಸಿನೂ ಸೇರ್ಬೇಕು ಅಂಬೋದು ನನ್ನ ಆಸೆ.

ಆದ್ರ ಕಷ್ಟ ಅದ. ನಾನು ಈ ಬಿಲ್ಲೆ ಮಾಡೋದು ಕಲಿಯೋವಾಗ ಒಮ್ಮೆ ಅವಸರ ಮಾಡಿ ಫರ್ನೇಸ್ ಬಾಗ್ಲಾ ಲಗೂನೇ ತೆಗ್ದೆ, ಟಣ್ ಅಂತ ಸಣ್ಣ ಸಪ್ಪಳಾ ಬಂತು, ನೋಡಿದ್ರ ಬಿಲ್ಲೆ ನಡಕ ಕೂದಲೆಳೆಯಷ್ಟು ಸೀಳು, ಎರಡು ವಾರದ ಕೆಲಸ ಹೋತು. ಮೂರು ದಿನ ಊಟ ರುಚಿಸಿಲ್ಲ. ಬಿಲ್ಲೆ, ಅದರ ಮ್ಯಾಲಿನ ನಿಕ್ಕಲ್ ಪದರ, ಸೀಲ್ ಹಾಕೋ ಗಾಜು, ಒಂದೊಂದು ಒಂದೊಂದು ತರ ಹಿಗ್ತಾವ, ಒಮ್ಮೆ ಕಾಯಿಸಿ ಒಮ್ಮೆ ಆರಿಸಿದ್ರ ಎಲ್ಲೋ ಒಂದು ಕಡೆ ಬಾಯಿ ಬಿಡ್ತದ. ಮತ್ತ ಬಿಲ್ಲೆ ಬಿಲ್ಲೆ ನಡುವ ಇಡೋ ಉಕ್ಕಿನ ಪ್ಲೇಟಿನಿಂದ ಕ್ರೋಮಿಯಂ ಹಾರಿ ಗಾಳಿ ಮಗ್ಗಲಿನ ಎಲೆಕ್ಟ್ರೋಡ್ (ಕರೆಂಟ್ ಓಡಾಡೋ ಪದರ) ಮ್ಯಾಲ ಕೂಡ್ತದ, ಕೆಲಸ ಮಂದ ಆಗ್ತದ.

ಅದಕ್ಕೇ ಈಗ ಮಿನಿಟಿಗೆ ಒಂದೇ ಡಿಗ್ರಿ ಏರಿಸ್ತೀನಿ, ಮುಂಜಾನಿ 6ಕ್ಕ ಹಚ್ಚಿದ್ರ 800 ಮುಟ್ಟೋದ್ರಾಗ ಸಂಜಿ ಸುಮಾರು 7 ಆಗ್ತದ. ಇದು ಆರಿಸಿ ಹಚ್ಚೋ ಸಾಮಾನಲ್ರಿ. ಹಗಲು ನಮ್ಮ ಬಿಸಿಲಿನ ಸೋಲಾರ್ ಕರೆಂಟಿನಿಂದ ಹೈಡ್ರೋಜನ್ ಮಾಡಿ ಕೂಡಿಡ್ಬೇಕು, ರಾತ್ರಿ ಅದೇ ಬಿಲ್ಲೆ ಉಲ್ಟಾ ನಡೆಸಿ ಅದ್ರಾಗಿಂದ ಒಂದಿಷ್ಟು ಕರೆಂಟ್ ತಗೋಬೇಕು, ಬಿಸಿ ಮಾತ್ರ ಇಳಿಬಾರ್ದು, ಭಟ್ಟಿನೂ ಹಂಗೇ ಹಗಲೂ ರಾತ್ರಿ ಉರೀತಿರ್ತದಲ್ರೀ.