ಪಾಸ್‌ಪೋರ್ಟ್ ಆಕೆಯ ಕೈಯಲ್ಲೇ ಇರಲಿ

ಕೇಳುಗರಿಗೆ ನಮಸ್ಕಾರ.

ಮಗಳು ದುಬೈನಲ್ಲಿದ್ದಾಳೆ, ಬಾಣಂತನಕ್ಕೆ ಹೋಗಬೇಕು. ಮನೆಕೆಲಸದ ಶರಣಮ್ಮನೂ ಜೊತೆಗಿದ್ದರೆ ಅನುಕೂಲ. ಕಲಬುರಗಿಯ ಮನೆಗಳಲ್ಲಿ ಇಂಥ ಮಾತು ಈಗ ಹೊಸದಲ್ಲ. ಮನೆಯವರ ಟಿಕೆಟ್ ಮೊದಲೇ ಆಗಿರುತ್ತದೆ. ಶರಣಮ್ಮನ ಕಾಗದಪತ್ರ ನೆನಪಾಗುವುದು ಕೊನೆಗೆ.

ಚಿತ್ತಾಪುರ, ಜೇವರ್ಗಿ ಕಡೆಯಿಂದ ಬಂದು ನಮ್ಮ ಮನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಕಾಗದಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ. ಆಧಾರ್‌ನಲ್ಲಿ ಬರೀ ಶರಣಮ್ಮ, ಹುಟ್ಟಿದ ದಿನ ಜನವರಿ 1. ರೇಷನ್ ಕಾರ್ಡಿನಲ್ಲಿ ಶರಣವ್ವ. ವೋಟರ್ ಕಾರ್ಡಿನಲ್ಲಿ ವಯಸ್ಸೇ ಬೇರೆ. ಊರಲ್ಲಿ ಇದನ್ನು ಯಾರೂ ಕೇಳಿಲ್ಲ. ಪಾಸ್‌ಪೋರ್ಟ್ ಅರ್ಜಿ ಮಾತ್ರ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಒಂದೇ ಹೆಸರಿನ ಪಾಸ್‌ಪೋರ್ಟ್ ಬಂದರೂ ಕಷ್ಟ ಮುಗಿಯಲಿಲ್ಲ. ಸರ್‌ನೇಮ್ ಇಲ್ಲದವರ ವಿಸಿಟ್ ವೀಸಾಕ್ಕೆ ಯುಎಇ 2022ರ ನವೆಂಬರ್‌ನಲ್ಲಿ ತಡೆ ಹಾಕಿತು. ಹಾಗಾಗಿ ಮೊದಲು ಆಧಾರ್ ಸರಿಮಾಡಿಸಿ, ಅಡ್ಡಹೆಸರನ್ನೋ ತಂದೆಯ ಹೆಸರನ್ನೋ ಸೇರಿಸಿ, ಆಮೇಲೆ ಅರ್ಜಿ ಹಾಕಿಸಿ.

ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ಸಿಗುವುದು ಇಸಿಆರ್, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕಾದ ಪಾಸ್‌ಪೋರ್ಟ್. ಅದನ್ನು ಹಿಡಿದು ಸೌದಿ, ಯುಎಇ, ಕುವೈತ್, ಓಮನ್‌ನಂಥ ದೇಶಗಳಿಗೆ ಕೆಲಸಕ್ಕೆ ಹೋಗಬೇಕೆಂದರೆ 1983ರ ವಲಸೆ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಬೇಕು. ಮನೆಕೆಲಸಕ್ಕೆ ಹೋಗುವ ಹೆಣ್ಣುಮಗಳಿಗೆ 30 ವರ್ಷ ತುಂಬಿರಬೇಕು.

"ಅಷ್ಟೆಲ್ಲಾ ಯಾಕೆ, ಸುಮ್ನೆ ವಿಸಿಟ್ ವೀಸಾ ಮಾಡಿಸಿದರಾಯ್ತು ಅಲ್ವಾ?" ಎನ್ನುವವರೇ ಜಾಸ್ತಿ. ನಾನು ಇದನ್ನು ಖಂಡಿತ ಒಪ್ಪುವುದಿಲ್ಲ. ವಿಸಿಟ್ ವೀಸಾದಲ್ಲಿ ಸಂಬಳಕ್ಕೆ ದುಡಿಯುವಂತಿಲ್ಲ. ಸಿಕ್ಕಿಬಿದ್ದರೆ ಜೈಲು, ದಂಡದ ಭಯ ಆಕೆಗೂ ತಪ್ಪಿದ್ದಲ್ಲ. ಕೈಯಲ್ಲಿ ಕರಾರು ಇರುವುದಿಲ್ಲ. ಸಂಬಳ ಕೊಡದಿದ್ದರೆ ಯಾವ ಕಾಗದ ತೋರಿಸಿ ಕೇಳಬೇಕು? ನಿಯಮದಂತೆ ಅನುಮತಿ ಪಡೆದು ಹೋದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿಯ ವಿಮೆ ಇದೆ. ಅದೂ ಇಲ್ಲಿ ಕೈತಪ್ಪುತ್ತದೆ.

ಬ್ರಿಟನ್ನಿನ ದಾರಿ ಬೇರೆ. ಮನೆಕೆಲಸದವರಿಗೆಂದೇ ಅಲ್ಲಿ ಒಂದು ವೀಸಾ ಇದೆ. ಅದೇ ಮನೆಯವರ ಬಳಿ ಕನಿಷ್ಠ ಒಂದು ವರ್ಷ ಕೆಲಸ ಮಾಡಿರಬೇಕು, ಉಳಿಯಲು 6 ತಿಂಗಳು ಮಾತ್ರ.

ಇನ್ನೊಂದು ಮಾತು ನೇರವಾಗಿ ಮನೆಯೊಡೆಯರಿಗೆ. "ಅವಳು ಕಳೆದುಕೊಂಡಾಳು, ನನ್ನ ಹತ್ತಿರವೇ ಇರಲಿ" ಎಂದು ಆಕೆಯ ಪಾಸ್‌ಪೋರ್ಟನ್ನು ನಿಮ್ಮ ಬೀರುವಿನಲ್ಲಿ ಇಡಬೇಡಿ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅದು ಭಾರತ ಸರ್ಕಾರದ ಸ್ವತ್ತು. ಕೆಲಸ ಕೊಟ್ಟವರಿಗೆ ಅದರ ಮೇಲೆ ಹಕ್ಕಿಲ್ಲ. ನಿಮ್ಮ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಭಾಷೆ ಬಾರದ ಊರಿನಲ್ಲಿ, ಮನೆಗೆ ಹೋಗಬೇಕು ಅನ್ನಿಸಿದ ದಿನ ಆಕೆ ನಿಮ್ಮನ್ನೇ ಬೇಡಬೇಕಾಗುತ್ತದೆ.

ಅಕ್ಕಂದಿರೇ, ಹೊರಡುವ ಮುಂಚೆ ಪಾಸ್‌ಪೋರ್ಟ್, ವೀಸಾ, ಕರಾರು ಮೂರರ ಜೆರಾಕ್ಸ್ ತೆಗೆಸಿ ಊರಲ್ಲಿರುವ ಮಗನಿಗೋ ತಂಗಿಗೋ ಕೊಟ್ಟಿರಿ. ತೊಂದರೆಯಾದರೆ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ಅವರು ಇಲ್ಲಿಂದಲೇ ದೂರು ಕೊಡಬಹುದು. ಆಗ ಪಾಸ್‌ಪೋರ್ಟ್ ನಂಬರ್ ಬೇಕಾಗುತ್ತದೆ.