ಹಳೆಯ ಕಾರಿನಲ್ಲಿ ಪ್ರಾಗ್: ಈಸ್ಟರ್ ಸಂತೆಯ ದಿನಗಳು

ಎಲ್ಲರಿಗೂ ನಮಸ್ಕಾರ.

ಮೈಸೂರಿನವರಿಗೆ ಚೆಕ್ ದೇಶದ ರಾಜಧಾನಿ ಪ್ರಾಗ್ ನಗರದ ಪರಿಚಯ ಮಾಡಿಕೊಡಲು ಜಾವಾ ಬೈಕಿನಿಂದ ಶುರು ಮಾಡಿದರಾಯಿತು. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಎಂಜಿನಿಯರ್ ಪ್ರಾಗ್‌ನಲ್ಲಿ ಕಟ್ಟಿದ ಕಂಪನಿ ಅದು. 1961ರ ಹೊತ್ತಿಗೆ ಆ ಬೈಕು ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬರತೊಡಗಿತು, ಮುಂದೆ ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಲಿವರಿನಲ್ಲಿ ಕಿಕ್ ಹೊಡೆದು, ಅದರಲ್ಲೇ ಗೇರ್ ಹಾಕಿ ಓಡಿಸಿದವರು ಈ ಸಭೆಯಲ್ಲಿ ಖಂಡಿತ ಇದ್ದೀರಿ. ಅದೇ ಜಾವಾ 1934ರಿಂದ ಕಾರುಗಳನ್ನೂ ಮಾಡಿತ್ತು ಅನ್ನುವುದು ಮಾತ್ರ ನಮ್ಮಲ್ಲಿ ಅನೇಕರ ಗಮನಕ್ಕೆ ಬಂದಿಲ್ಲ.

ಇವತ್ತಿನ ವಿಷಯ, ಆ ಊರನ್ನು ಈಸ್ಟರ್ ಹೊತ್ತಿನಲ್ಲಿ ವಿಂಟೇಜ್ ಕಾರಿನಲ್ಲಿ ಕೂತು ನೋಡುವುದು. ಸಾಮಾನ್ಯವಾಗಿ ಹೋದವರು ಕಾರಿನಲ್ಲಿ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ, ಸಂತೆಯಲ್ಲಿ ಏನಾದರೂ ತಿನ್ನುತ್ತಾರೆ, ಅಲ್ಲಿಗೆ ಮುಗಿಯಿತು. ನನಗೆ ಇದು ತುಂಬಾ ನಷ್ಟದ ಬಾಬತ್ತು ಅನ್ನಿಸುತ್ತದೆ. ಆ ಕಾರು, ಆ ಸಂತೆಯ ಬಣ್ಣದ ಮೊಟ್ಟೆ, ಎರಡೂ ಒಂದೇ ನಾಡಿನ ಜನ ಕೈಯಾರೆ ಮಾಡಿದ ವಸ್ತುಗಳು. ಎರಡನ್ನೂ ಮಾಡಿದ ಬಗೆ ತಿಳಿದುಕೊಂಡು ನೋಡಿದರೆ ಊರೇ ಬೇರೆ ಥರ ಕಾಣುತ್ತದೆ.

ಮೊದಲು ಕಾರಿನ ವಿಷಯ. 1897ರಲ್ಲೇ ಕೋಪ್ರಿವ್ನಿತ್ಸೆ ಎಂಬ ಊರಿನ ರೈಲ್ವೆ ಬೋಗಿ ಕಾರ್ಖಾನೆಯವರು ‘ಪ್ರೆಸಿಡೆಂಟ್’ ಎಂಬ ಕಾರು ಮಾಡಿದರು. ಮರುವರ್ಷ ಅದನ್ನು ವಿಯೆನ್ನಾದವರೆಗೆ ಓಡಿಸಿಕೊಂಡು ಹೋದರು. 328 ಕಿಲೋಮೀಟರ್, ಹದಿನಾಲ್ಕೂವರೆ ಗಂಟೆ. ಆ ಕಾರ್ಖಾನೆಯೇ ಮುಂದೆ ಟಾಟ್ರಾ ಎಂಬ ಕಾರು ಕಂಪನಿ ಆಯಿತು. ಮ್ಲಾದಾ ಬೋಲೆಸ್ಲಾವ್‌ನಲ್ಲಿ ಸೈಕಲ್ ಮಾಡುತ್ತಿದ್ದ ಲೌರಿನ್ ಮತ್ತು ಕ್ಲೆಮೆಂಟ್ 1905ರಲ್ಲಿ ಕಾರಿಗೆ ಕೈಹಾಕಿದರು. 1925ರಲ್ಲಿ ಸ್ಕೋಡಾ ಜೊತೆ ಸೇರಿದರು. ಪ್ರಾಗ್‌ನಲ್ಲೇ 1907ರಲ್ಲಿ ಊರಿನ ಹೆಸರು ಹೊತ್ತ ಪ್ರಾಗಾ ಕಾರು ಕಂಪನಿ ಹುಟ್ಟಿತು. ಇವತ್ತು ಪ್ರವಾಸಿಗರನ್ನು ಕೂರಿಸಿಕೊಂಡು ಓಡಾಡುವ ತೆರೆದ ಕಾರುಗಳಲ್ಲಿ ಪ್ರಾಗಾ ಆಲ್ಫಾ, ಪಿಕೊಲೊ ಮಾದರಿಗಳು ಸಿಗುತ್ತವೆ.

ಇಲ್ಲಿ ಒಂದು ಎಚ್ಚರಿಕೆ. ನಿಂತಿರುವ ಕಾರುಗಳೆಲ್ಲ ಹಳೆಯವಲ್ಲ. ಹಳೆಯ ರೂಪ ಕೊಟ್ಟು ಈಚೆಗೆ ಕಟ್ಟಿದವೂ ಇವೆ, ಬ್ಯಾಟರಿಯಿಂದ ಓಡುವವೂ ಇವೆ. ಹತ್ತುವ ಮೊದಲು ಡ್ರೈವರನ್ನು ಕೇಳಿ: ಯಾವ ಇಸವಿಯದು, ಎಂಜಿನ್ ಅದರದ್ದೇನಾ? ನಿಜವಾದ ಹಳೆಯ ಕಾರು ಇಟ್ಟುಕೊಂಡವರು ಈ ಪ್ರಶ್ನೆಗೇ ಕಾಯುತ್ತಿರುತ್ತಾರೆ. ಬಾನೆಟ್ ಎತ್ತಿ ತೋರಿಸುತ್ತಾರೆ.

ಇನ್ನೊಂದು ಗುರುತು ಇದೆ, ನನಗೆ ಬಹಳ ಇಷ್ಟವಾದದ್ದು. ಆ ದೇಶದ್ದೇ ಆದ 1920–30ರ ದಶಕಗಳ ಕಾರಿನಲ್ಲಿ ಸ್ಟಿಯರಿಂಗ್ ಬಲಗಡೆ ಇರುತ್ತದೆ, ನಮ್ಮಲ್ಲಿರುವಂತೆ. ಕಾರಣ, ಅಲ್ಲಿ ಆಗ ವಾಹನಗಳು ರಸ್ತೆಯ ಎಡಬದಿಯಲ್ಲೇ ಓಡುತ್ತಿದ್ದವು. 1939ರ ಮಾರ್ಚ್ 15ರಂದು ಹಿಟ್ಲರನ ಸೇನೆ ಪ್ರಾಗ್‌ಗೆ ನುಗ್ಗಿತು. ಅದೇ ತಿಂಗಳಲ್ಲಿ ಸಂಚಾರವನ್ನು ಬಲಬದಿಗೆ ಬದಲಾಯಿಸಿದರು. ಕಾರುಗಳು ಮಾತ್ರ ಹಾಗೇ ಉಳಿದವು. ಇವತ್ತು ಅಂಥ ಕಾರಿನಲ್ಲಿ ಕೂತರೆ ಡ್ರೈವರ್ ಫುಟ್‌ಪಾತ್ ಕಡೆಗೆ ಕೂತಿರುತ್ತಾನೆ. ಮುಂದಿನ ವಾಹನವನ್ನು ದಾಟಬೇಕಾದರೆ ಎದುರಿನ ರಸ್ತೆ ಅವನಿಗೆ ಕಾಣುವುದಿಲ್ಲ. ಒಂದು ದೇಶ ಸ್ವಾತಂತ್ರ್ಯ ಕಳೆದುಕೊಂಡ ವಾರಗಳು ಆ ಸ್ಟಿಯರಿಂಗ್ ಇರುವ ಜಾಗದಲ್ಲಿ ಕೂತಿವೆ.

ಸವಾರಿ ಹೀಗಿರುತ್ತದೆ. ಊರ ನಡುವಿನ ಬೀದಿಗಳಲ್ಲಿ ಹಾಸಿರುವುದು ಗ್ರಾನೈಟ್ ಕಲ್ಲಿನ ಚಿಕ್ಕ ಚಿಕ್ಕ ತುಂಡುಗಳು. ಲೀಫ್ ಸ್ಪ್ರಿಂಗ್ ಮೇಲೆ ನಿಂತ ಕಾರು ಅದರ ಮೇಲೆ ಹೋದರೆ ಪ್ರತಿ ಕಲ್ಲೂ ಬೆನ್ನಿಗೆ ತಿಳಿಯುತ್ತದೆ. ಹಳೆಯ ಯಹೂದಿ ಕೇರಿಯ ಜಾಗದಲ್ಲಿ ಎದ್ದ ಪಾರಿಜ್‌ಸ್ಕಾ ಬೀದಿ, ಅಲ್ಲೇ ಪಕ್ಕದಲ್ಲಿ ಹದಿಮೂರನೇ ಶತಮಾನದಿಂದ ಉಳಿದುಬಂದ ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾ ಮಂದಿರ, ಆಮೇಲೆ ಮಾನೆಸ್ ಸೇತುವೆ. ಸೇತುವೆ ದಾಟುವಾಗ ಎಡಕ್ಕೆ ನೋಡಿದರೆ ನಾಲ್ಕನೇ ಚಾರ್ಲ್ಸ್ ದೊರೆ 1357ರಲ್ಲಿ ಅಡಿಗಲ್ಲು ಹಾಕಿದ ಚಾರ್ಲ್ಸ್ ಸೇತುವೆ ಪೂರ್ತಿ ಕಾಣುತ್ತದೆ. ಅದರ ಮೇಲೆ ವಾಹನ ಬಿಡುವುದಿಲ್ಲ, ನಡೆದೇ ಹೋಗಬೇಕು.

ಆಚೆ ದಡದಲ್ಲಿ ಕೋಟೆಯ ಏರು ಶುರುವಾಗುತ್ತದೆ, ಘಾಟಿಯ ಹಾಗೆ ತಿರುವುಗಳಿರುವ ರಸ್ತೆ. ಇಲ್ಲಿ ಡ್ರೈವರನ ಕಾಲನ್ನು ನೋಡಬೇಕು. ಆ ಕಾಲದ ಗೇರ್‌ಬಾಕ್ಸಿನಲ್ಲಿ ಸಿಂಕ್ರೊಮೆಶ್, ಅಂದರೆ ಗೇರುಗಳ ವೇಗವನ್ನು ತಾನಾಗಿ ಹೊಂದಿಸುವ ಭಾಗ, ಇಲ್ಲ. ಗೇರ್ ಇಳಿಸಬೇಕಾದರೆ ಕ್ಲಚ್ ತುಳಿದು ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲರೇಟರನ್ನು ಒಮ್ಮೆ ಒತ್ತಿ, ಎಂಜಿನ್ ವೇಗ ಏರುತ್ತಿದ್ದಂತೆ ಮತ್ತೆ ಕ್ಲಚ್ ತುಳಿದು ಕೆಳಗಿನ ಗೇರಿಗೆ ಹಾಕಬೇಕು. ಸ್ವಲ್ಪ ಹೆಚ್ಚುಕಮ್ಮಿಯಾದರೂ ಹಲ್ಲುಗಳು ಕಿರ್ರೆಂದು ಕೂಗುತ್ತವೆ. ಪಳಗಿದವನ ಕೈಯಲ್ಲಿ ಸದ್ದೇ ಇರುವುದಿಲ್ಲ. ಹಿಂದೆ ಟ್ರಾಮ್ ಬಂದು ನಿಂತಿದ್ದರೂ ಅವನು ಗಾಬರಿಯಾಗುವುದಿಲ್ಲ. ಏರು ಹತ್ತಿದರೆ ಸಂತ ವಿಟಸ್ ಕೆಥೆಡ್ರಲ್. 1344ರಲ್ಲಿ ಶುರುವಾಗಿ 1929ರಲ್ಲಿ ಮುಗಿದ ಕಟ್ಟಡ. ಲೆಕ್ಕ ಹಾಕಿ, ಅದು ಮುಗಿದದ್ದು ಜಾವಾ ಶುರುವಾದ ವರ್ಷ.

ಒಂದು ಮಾತು, ಏಪ್ರಿಲ್‌ನಲ್ಲೂ ಅಲ್ಲಿ ಚಳಿ ಬಿಟ್ಟಿರುವುದಿಲ್ಲ. ತೆರೆದ ಕಾರಿನಲ್ಲಿ ಗಾಳಿ ಮುಖಕ್ಕೆ ರಾಚುತ್ತದೆ. ಟೋಪಿ, ಕೈಗವಸು ಇಟ್ಟುಕೊಳ್ಳಿ.

ಈಗ ಸಂತೆ. ವಸಂತ ವಿಷುವದ ನಂತರದ ಹುಣ್ಣಿಮೆ ಕಳೆದು ಬರುವ ಮೊದಲ ಭಾನುವಾರ ಈಸ್ಟರ್, ಹಾಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವಾಗ ಬೇಕಾದರೂ ಬರಬಹುದು. ಟಿಕೆಟ್ ಮಾಡುವ ಮೊದಲು ಆ ವರ್ಷದ ತಾರೀಖು ನೋಡಿಕೊಳ್ಳಿ. ಹಬ್ಬಕ್ಕೆ ವಾರಗಳ ಮೊದಲೇ ಮಳಿಗೆಗಳು ಏಳುತ್ತವೆ. ದೊಡ್ಡವು ಎರಡು: ಓಲ್ಡ್ ಟೌನ್ ಸ್ಕ್ವೇರ್ ಮತ್ತು ವೆನ್ಸೆಸ್ಲಾಸ್ ಸ್ಕ್ವೇರ್. ಎರಡನೆಯದು 1348ರಲ್ಲಿ ಕುದುರೆ ಸಂತೆಯಾಗಿ ಹುಟ್ಟಿದ ಜಾಗ, 1989ರ ನವೆಂಬರಿನಲ್ಲಿ ಜನಸಾಗರ ಸೇರಿ ಕಮ್ಯುನಿಸ್ಟ್ ಸರ್ಕಾರವನ್ನು ಇಳಿಸಿದ್ದೂ ಅಲ್ಲೇ. ಓಲ್ಡ್ ಟೌನ್ ಸ್ಕ್ವೇರಿನಲ್ಲಿ 1410ರ ಖಗೋಳ ಗಡಿಯಾರವಿದೆ. ಅದರ ಮುಂದೆ ಗುಂಪು ಸೇರುವುದನ್ನು ನೀವು ಹೇಗೂ ನೋಡುತ್ತೀರಿ. ಪುರಭವನದ ಬುಡದಲ್ಲಿ ನೆಲದ ಕಲ್ಲಿನಲ್ಲಿ ಬಿಳಿಯ 27 ಶಿಲುಬೆಗಳಿವೆ, 1621ರಲ್ಲಿ ಅಲ್ಲಿ ಕೊಲ್ಲಿಸಿದ ದಂಗೆಯ ಮುಖಂಡರ ನೆನಪಿಗೆ. ತಿಂಡಿ ಹಿಡಿದು ನಡೆಯುವಾಗ ತುಳಿಯಬೇಡಿ.

ಸಂತೆಯ ಜೀವಾಳ ‘ಕ್ರಾಸ್ಲಿತ್ಸೆ’, ಚಿತ್ತಾರದ ಮೊಟ್ಟೆ. ಮೊಟ್ಟೆಯ ಎರಡು ತುದಿಗೂ ಸಣ್ಣ ತೂತು ಮಾಡಿ ಒಳಗಿನದನ್ನು ಊದಿ ತೆಗೆಯುತ್ತಾರೆ. ಆಮೇಲಿನ ಕೆಲಸ ಪ್ರಾಂತಕ್ಕೊಂದು ಥರ. ದೇಶದ ಪೂರ್ವ ಭಾಗವಾದ ಮೊರಾವಿಯಾದ ಹಾನಾ ಸೀಮೆಯಲ್ಲಿ ಬಾರ್ಲಿಯ ಹುಲ್ಲನ್ನು ಸೀಳಿ, ಚೂರು ಮಾಡಿ, ಒಂದೊಂದಾಗಿ ಅಂಟಿಸುತ್ತಾರೆ. ದಕ್ಷಿಣ ಮೊರಾವಿಯಾದಲ್ಲಿ ಬಣ್ಣ ಹಾಕಿದ ಮೊಟ್ಟೆಯನ್ನು ಚಾಕುವಿನ ಮೊನೆಯಿಂದ ಕೆರೆದು ಬಿಳಿ ಗೆರೆ ಮೂಡಿಸುತ್ತಾರೆ. ಜೇನುಮೇಣದ್ದು ಇನ್ನೂ ಸೊಗಸು. ಕಡ್ಡಿಗೆ ಚುಚ್ಚಿದ ಗುಂಡುಪಿನ್ನಿನ ತಲೆಯನ್ನು ಕರಗಿದ ಮೇಣದಲ್ಲಿ ಅದ್ದಿ, ಮೊಟ್ಟೆಗೆ ತಾಗಿಸಿ ಎಳೆಯುತ್ತಾರೆ. ಮೇಣ ಬಾಲ ಬಿಟ್ಟ ಚುಕ್ಕಿಯಾಗುತ್ತದೆ, ತಕ್ಷಣ ಗಟ್ಟಿಯಾಗುತ್ತದೆ. ಬಿಳಿ ಉಳಿಯಬೇಕಾದ ಕಡೆ ಮೇಣ ಹಾಕಿ ಹಳದಿಯಲ್ಲಿ ಅದ್ದುವುದು, ಹಳದಿ ಉಳಿಯಬೇಕಾದ ಕಡೆ ಮೇಣ ಹಾಕಿ ಕೆಂಪಿನಲ್ಲಿ ಅದ್ದುವುದು, ಕೊನೆಗೆ ಕಪ್ಪು. ಅಲ್ಲಿಯವರೆಗೂ ಮಾಡುವವಳ ಕಣ್ಣಿಗೆ ಚಿತ್ರ ಕಾಣುವುದಿಲ್ಲ. ಎಲ್ಲ ಮುಗಿದ ಮೇಲೆ ಮೇಣದಬತ್ತಿಯ ಬಿಸಿಗೆ ಹಿಡಿದು ಬಟ್ಟೆಯಿಂದ ಒರೆಸಿದಾಗ ಬಣ್ಣಗಳೆಲ್ಲ ಒಟ್ಟಿಗೆ ಹೊರಬರುತ್ತವೆ.

ಮಳಿಗೆಯಲ್ಲೇ ಕೂತು ಕೆಲಸ ಮಾಡುವವರು ಇರುತ್ತಾರೆ, ಅವರ ಹತ್ತಿರ ಕೊಳ್ಳಿ. ಮರದ ಮೊಟ್ಟೆಗೆ ಬಣ್ಣ ಬಳಿದು ಮಾರುವವರೂ ಇದ್ದಾರೆ. ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ, ನಿಜವಾದ ಚಿಪ್ಪಿಗೆ ಭಾರವೇ ಇಲ್ಲ, ತುದಿಯಲ್ಲಿ ತೂತು ಇರುತ್ತದೆ. ಬೆಲೆ ಹೆಚ್ಚು ಅನ್ನಿಸಿದರೆ ಅದಕ್ಕೆ ಹಿಡಿದ ಹೊತ್ತನ್ನು ನೆನಪಿಸಿಕೊಳ್ಳಿ. ಚೌಕಾಸಿ ಮಾಡಬೇಡಿ, ಇದು ನನ್ನ ಬೇಡಿಕೆ.

ಪಕ್ಕದ ಮಳಿಗೆಯಲ್ಲಿ ‘ಪೊಮ್ಲಾಸ್ಕಾ’ ತೂಗುಹಾಕಿರುತ್ತಾರೆ. ವಿಲೋ ಗಿಡದ ಎಳೆಯ ಬರಲುಗಳನ್ನು ಜಡೆಯಂತೆ ಹೆಣೆದು ತುದಿಗೆ ರಿಬ್ಬನ್ ಕಟ್ಟಿದ ಚಾಟಿ. ಈಸ್ಟರ್ ಸೋಮವಾರ ಹುಡುಗರು ಮನೆಮನೆಗೆ ಹೋಗಿ ಹುಡುಗಿಯರ ಕಾಲಿಗೆ ಮೆಲ್ಲಗೆ ಹೊಡೆಯುತ್ತಾರೆ. ಎಳೆ ಚಿಗುರಿನ ಕಸುವು ಅವರಿಗೆ ಬರಲಿ ಎಂಬ ನಂಬಿಕೆ. ಹುಡುಗಿಯರು ಬಣ್ಣದ ಮೊಟ್ಟೆ ಕೊಡುತ್ತಾರೆ. ಇದು ತಮಗೆ ಬೇಡ ಎನ್ನುವ ಹೆಂಗಸರು ಇವತ್ತು ಅಲ್ಲಿ ಬಹಳ ಮಂದಿ ಇದ್ದಾರೆ, ಅವರ ಮಾತಿನಲ್ಲಿ ನ್ಯಾಯವಿದೆ. ಹೆಣೆಯುವ ಕಲೆ ಉಳಿಯಲಿ, ಹೊಡೆಯುವುದು ಒಪ್ಪಿಗೆ ಇದ್ದಲ್ಲಿ ಮಾತ್ರ ಇರಲಿ ಎಂದು ನನಗನ್ನಿಸುತ್ತದೆ.

ಯೂರೋಪಿನಲ್ಲಿ ಚರ್ಚಿಗೆ ಹೋಗುವವರು ತೀರಾ ಕಡಿಮೆ ಇರುವ ದೇಶಗಳಲ್ಲಿ ಇದೂ ಒಂದು. ಗುಡ್ ಫ್ರೈಡೇಗೆ ಅಲ್ಲಿ ರಜೆ ಸಿಕ್ಕಿದ್ದು 2016ರಲ್ಲಿ. ಆದರೂ ಮೊಟ್ಟೆಗೆ ಬಣ್ಣ ಹಾಕುವುದನ್ನು ಜನ ಬಿಟ್ಟಿಲ್ಲ, ಏಕೆಂದರೆ ಉದ್ದನೆಯ ಚಳಿಗಾಲ ಮುಗಿಯಿತು ಎನ್ನುವ ಸಂತೋಷ ಎಲ್ಲರಿಗೂ ಸೇರಿದ್ದು.

ತಿಂಡಿ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಎಲ್ಲೆಲ್ಲೂ ಕಾಣುವ ‘ತ್ರದೆಲ್ನೀಕ್’, ಕೋಲಿಗೆ ಸುತ್ತಿ ಸುಟ್ಟ ಸಿಹಿ ಹಿಟ್ಟು, ಸ್ಲೊವಾಕಿಯಾದ ಸ್ಕಾಲಿತ್ಸಾ ಊರಿನದೆಂದು ಹೆಸರಾದದ್ದು. ಈಸ್ಟರಿನ ತಿಂಡಿ ಅಂದರೆ ಒಣದ್ರಾಕ್ಷಿ, ಬಾದಾಮಿ ಹಾಕಿ ಮೇಲೆ ಶಿಲುಬೆ ಗೀರಿದ ದುಂಡನೆಯ ‘ಮಜನೆತ್ಸ್’ ಬ್ರೆಡ್ಡು, ಮತ್ತು ಕುರಿಮರಿಯ ಅಚ್ಚಿನಲ್ಲಿ ಬೇಯಿಸಿದ ‘ಬೆರಾನೆಕ್’ ಕೇಕು. ಎರಡರಲ್ಲೂ ಮೊಟ್ಟೆ ಇರುತ್ತದೆ, ತಿನ್ನದವರು ಗಮನಿಸಿ. ಮಾಂಸ ತಿನ್ನುವವರಿಗೆ ಸುಟ್ಟ ಹ್ಯಾಮ್ ಸಿಗುತ್ತದೆ. ಬೋರ್ಡಿನ ಮೇಲಿನ ಬೆಲೆ ನೂರು ಗ್ರಾಮಿಗೆ, ತೂಕ ಹೇಳಿಯೇ ತೆಗೆದುಕೊಳ್ಳಿ. ಅಲ್ಲಿನ ಹಣ ಯೂರೊ ಅಲ್ಲ, ಕೊರೂನಾ. ಈಸ್ಟರ್ ಸೋಮವಾರ ದೊಡ್ಡ ಅಂಗಡಿಗಳು ಕಾನೂನಿನ ಪ್ರಕಾರ ಮುಚ್ಚಿರುತ್ತವೆ.

ಸಮಯ ಸಿಕ್ಕರೆ ಲೆತ್ನಾ ಗುಡ್ಡದ ಮೇಲಿರುವ ರಾಷ್ಟ್ರೀಯ ತಾಂತ್ರಿಕ ಮ್ಯೂಸಿಯಮ್ಮಿಗೆ ಹೋಗಿ. ಆಗ ಹೇಳಿದ ‘ಪ್ರೆಸಿಡೆಂಟ್’ ಕಾರು ಅಲ್ಲಿದೆ. ಕುದುರೆ ಬಿಚ್ಚಿಟ್ಟ ಸಾರೋಟಿನಂತೆಯೇ ಇದೆ, ಸ್ಟಿಯರಿಂಗ್ ಚಕ್ರದ ಬದಲು ಹ್ಯಾಂಡಲ್ ಇದೆ. ಬೋಗಿ ಕಟ್ಟುತ್ತಿದ್ದ ಬಡಗಿಗಳ ಕೈ ಅದರ ಮರಗೆಲಸದಲ್ಲಿ ಚೆನ್ನಾಗಿ ಕಾಣುತ್ತದೆ.

ಇಷ್ಟು ನನ್ನ ಮಾತು. ಪ್ರಶ್ನೆಗಳಿದ್ದರೆ ಕೇಳಿ, ಕಾರಿನ ಬಗ್ಗೆಯಾದರೂ ಸರಿ, ಪ್ರಯಾಣದ ಬಗ್ಗೆಯಾದರೂ ಸರಿ.