ಘಾಟಿ ಇಳಿಯುವ ಗೇರ್

ಕೇಳುಗರಿಗೆ ನಮಸ್ಕಾರ. ಹೆವಿ ಲೈಸನ್ಸಿಗಾಗಿ ನನ್ನ ಬಳಿ ಕಲಿಯಲು ಬರುವವರಿಗೆ ಮೊದಲ ದಿನವೇ ಒಂದು ಪ್ರಶ್ನೆ ಕೇಳುತ್ತೇನೆ. ಸಕಲೇಶಪುರ ದಾಟಿದ್ದೀರಿ, ಲಾರಿಯ ತುಂಬ ಲೋಡಿದೆ, ಶಿರಾಡಿ ಘಾಟಿಯಲ್ಲಿ ಗುಂಡ್ಯದ ಕಡೆಗೆ ಇಳಿಯಬೇಕು, ಹೇಗೆ ಇಳಿಯುತ್ತೀರಿ? "ಬ್ರೇಕ್ ಒತ್ತಿಕೊಂಡು ನಿಧಾನವಾಗಿ, ಸರ್" ಎನ್ನುವವರೇ ಹೆಚ್ಚು. ವಿನಯದ ಉತ್ತರ, ಆದರೆ ಲಾರಿ ಕಣಿವೆಗೆ ಉರುಳುವುದೂ ಹೀಗೆಯೇ.

ಅರ್ಜಿಯ ವಿಷಯ ಬೇಗ ಮುಗಿಸುತ್ತೇನೆ. ವಯಸ್ಸು 20 ತುಂಬಿರಬೇಕು. ಲಘು ವಾಹನದ ಲೈಸನ್ಸ್ ಕೈಗೆ ಬಂದು ಒಂದು ವರ್ಷವಾದರೂ ಆಗಿರಬೇಕು. ಸಾರಿಗೆ ವಾಹನದ ಲೈಸನ್ಸನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಇಷ್ಟನ್ನು ಯಾರು ಬೇಕಾದರೂ ಹೇಳಿಯಾರು. ಇಳಿಜಾರಿಗೆ ಬರೋಣ.

ಹತ್ತು ಚಕ್ರದ ಲಾರಿ ಲೋಡು ಸೇರಿ ಸುಮಾರು 28 ಟನ್ ತೂಗುತ್ತದೆ. ಅಷ್ಟು ತೂಕವನ್ನು ಬ್ರೇಕಿನಿಂದಲೇ ತಡೆಯುತ್ತ ಹೋದರೆ ಚಕ್ರದೊಳಗಿನ ಬ್ರೇಕ್ ಡ್ರಮ್ಮು ದೋಸೆ ಕಾವಲಿಯಂತೆ ಕಾಯುತ್ತದೆ. ಡ್ರಮ್ಮಿಗೆ ಉಜ್ಜಿ ಚಕ್ರವನ್ನು ತಡೆಯುವ ಲೈನರ್ ಕಾದು ಹಿಡಿತ ಬಿಡುತ್ತದೆ. ಮೊದಲು ಸುಟ್ಟ ವಾಸನೆ, ಆಮೇಲೆ ಚಕ್ರದ ಬಳಿ ಹೊಗೆ. ಪೆಡಲ್ ತುಳಿದರೂ ಲಾರಿ ಕೇಳುವುದಿಲ್ಲ. ಲಾರಿಯ ಬ್ರೇಕ್ ನಡೆಯುವುದು ಟ್ಯಾಂಕಿನಲ್ಲಿ ತುಂಬಿದ ಗಾಳಿಯ ಒತ್ತಡದಿಂದ. ಪದೇ ಪದೇ ತುಳಿದರೆ ಆ ಗಾಳಿಯೂ ಇಳಿಯುತ್ತದೆ, ಮೀಟರಿನ ಮುಳ್ಳು ಕೆಳಗೆ ಬಿದ್ದು ಬಜರ್ ಕೂಗುತ್ತದೆ. ಗಾಳಿ ಹೋದರೆ ಬ್ರೇಕಿನೊಳಗಿನ ಸ್ಪ್ರಿಂಗ್ ತಾನಾಗಿ ಹಿಂದಿನ ಚಕ್ರ ಹಿಡಿಯುತ್ತದಲ್ಲ ಎಂದು ಒಬ್ಬ ಹುಡುಗ ವಾದಿಸಿದ್ದ. ಹಿಡಿಯುತ್ತದೆ ನಿಜ. ಆದರೆ ಅದು ಹಿಡಿಯಬೇಕಾದದ್ದೂ ಆ ಕಾದ ಡ್ರಮ್ಮನ್ನೇ ತಾನೆ?

ಆದ್ದರಿಂದ ಲಾರಿಯನ್ನು ತಡೆಯುವ ಕೆಲಸ ಎಂಜಿನ್ನಿನದು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಅನುಮಾನವಿದ್ದರೆ ಇನ್ನೊಂದು ಕಡಿಮೆ. ಇಳಿಜಾರು ಶುರುವಾಗುವ ಮೊದಲೇ ಗೇರ್ ಹಾಕಿಕೊಳ್ಳಿ. ವೇಗ ಏರಿದ ಮೇಲೆ ಕೆಳಗಿನ ಗೇರ್ ಕೂರುವುದಿಲ್ಲ, ಲಾರಿ ನ್ಯೂಟ್ರಲ್‌ನಲ್ಲಿ ಉಳಿದುಬಿಡುತ್ತದೆ. ಎಂಜಿನ್ನಿನ ಹೊಗೆಯನ್ನು ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಇದ್ದರೆ ಬಳಸಿ. ಇಷ್ಟಾದ ಮೇಲೂ ವೇಗ ಏರಿದರೆ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ, ವೇಗ ಇಳಿದ ಕೂಡಲೇ ಪೂರ್ತಿ ಬಿಡಿ. ಬಿಟ್ಟ ಹೊತ್ತಿನಲ್ಲಿ ಡ್ರಮ್ಮು ಆರುತ್ತದೆ.

ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರಿದ್ದಾರೆ. ಈಗಿನ ಎಂಜಿನ್ನುಗಳಲ್ಲಿ ಗೇರಿನಲ್ಲೇ ಇದ್ದು ಎಕ್ಸಲರೇಟರಿನಿಂದ ಕಾಲು ತೆಗೆದರೆ ಡೀಸೆಲ್ ಹರಿಯುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ನಡೆಯುವುದಕ್ಕೇ ಡೀಸೆಲ್ ಬೇಕು. ಈ ಉಳಿತಾಯಕ್ಕೆ ಜೀವ ಒತ್ತೆ ಇಡುವುದನ್ನು ಏನೆನ್ನಲಿ!

ಕಿರಿದಾದ ತಿರುವಿನಲ್ಲಿ ಕೆಳಗಿನಿಂದ ಹತ್ತುತ್ತಿರುವ ಗಾಡಿಗೆ ಮೊದಲು ದಾರಿ ಬಿಡಿ. ಇದು ನಿಯಮವೂ ಹೌದು. ಲೋಡು ಹೊತ್ತು ಏರಿನಲ್ಲಿ ನಿಂತ ಲಾರಿಯನ್ನು ಮತ್ತೆ ಎಬ್ಬಿಸುವ ಕಷ್ಟ ನಿಮಗೂ ಮುಂದೆ ಗೊತ್ತಾಗುತ್ತದೆ.

ಬ್ರೇಕಿನ ವಾಸನೆ ಬಂತೆ? ಅಗಲವಾದ ಜಾಗ ಸಿಕ್ಕಲ್ಲಿ ನಿಲ್ಲಿಸಿ. ಕಾದ ಡ್ರಮ್ಮಿಗೆ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟು, ಚಹಾ ಕುಡಿದು, ಅದು ತಾನಾಗಿ ಆರುವವರೆಗೆ ಕಾಯಿರಿ. ಹೊರಡುವಾಗ ಆ ಕಲ್ಲುಗಳನ್ನು ಎತ್ತಿ ರಸ್ತೆಯ ಅಂಚಿಗೆ ಹಾಕಿ. ಕತ್ತಲಲ್ಲಿ ಹಿಂದೆ ಬರುವ ಬೈಕಿನವನಿಗೆ ಅವು ಕಾಣುವುದಿಲ್ಲ.